ಎಲೆ ಮುಚ್ಚಿದ ಪಾಲು

ಕೊಕ್ಕರ್ಣೆ
೧೮ ಜೂನ್ ೨೦೧೭

ವನಜಕ್ಕನಿಗೆ ಶೀನ ಮಾಡುವ ನಮಸ್ಕಾರ.

ನಿನ್ನ ಕಿವಿ ಪೂರ್ತಿ ಕೈಕೊಟ್ಟಿದೆ, ಫೋನು ಮಾಡಿ ಪ್ರಯೋಜನವಿಲ್ಲ ಅಂತ ಮೋಕ್ಷಿತಾ ಹೇಳಿದಳು. ನನಗೋ ಬೆರಳಿನಲ್ಲಿ ಒತ್ತಿ ಒತ್ತಿ ಬರೆಯಲು ಆಗುವುದಿಲ್ಲ, ಬೆರಳ ತುದಿ ಇನ್ನೂ ಮಂದ. ಹಾಗಾಗಿ ನಾನು ವಾಟ್ಸಾಪಿನಲ್ಲಿ ಮಾತಾಡಿ ಕಳಿಸುವುದು, ನಿನ್ನ ಮಗಳು ಅದನ್ನು ಕೇಳಿ ಹಾಳೆಯ ಮೇಲೆ ಬರೆದು ನಿನಗೆ ಕೊಡುವುದು ಅಂತ ನಾವಿಬ್ಬರೇ ತೀರ್ಮಾನ ಮಾಡಿದೆವು. ಮಗೂ, ನನ್ನ ಮಾತನ್ನು ನಿನ್ನಮ್ಮ ಕಲಿಸಿದ ಚಂದದ ಕನ್ನಡದಲ್ಲಿ ಬರಿ. ಬೇರೆಯವರು ಹೇಳಿದ್ದನ್ನು ಮಾತ್ರ ಹೇಳಿದ ಹಾಗೇ ಬರಿ, ಇಲ್ಲದಿದ್ದರೆ ಯಾರು ಯಾರೆಂದು ಅವಳಿಗೆ ಗುರುತು ಸಿಗಲಿಕ್ಕಿಲ್ಲ.

ನಾನೀಗ ಪುಷ್ಪನ ತೌರಿನಲ್ಲಿದ್ದೇನೆ. ನಮ್ಮೂರು ತ್ರಾಸಿಯಲ್ಲಿ ಇದ್ದರೆ ದಿನಾ ಸಮುದ್ರ ಕಾಣಬೇಕು, ಇಲ್ಲಿ ಗದ್ದೆ ಮಾತ್ರ. ಕಾಯಿಲೆ ಬಂದು ವರ್ಷ ದಾಟಿತು. ಅದರ ಹೆಸರು ಯಾರೋ ಪರದೇಶದ ಡಾಕ್ಟರುಗಳ ಹೆಸರಂತೆ, ನನ್ನ ಬಾಯಿಗೆ ಬರುವುದಿಲ್ಲ. ಜ್ವರ ಬಂದು ಬಿಟ್ಟಿತು, ಆಮೇಲೆ ಪಾದದಿಂದ ಹಿಡಿದು ಸೊಂಟದವರೆಗೆ ನರವೆಲ್ಲ ಮಲಗಿಬಿಟ್ಟವು. ಈಗ ನಡೆಯುತ್ತೇನೆ, ಸೈಕಲ್ಲೂ ತುಳಿಯುತ್ತೇನೆ. ಆದರೆ ಮೊಣಕಾಲಿನ ಕೆಳಗೆ ಇರುವುದು ನನ್ನದೋ ಬಾಡಿಗೆಗೆ ತಂದದ್ದೋ ಗೊತ್ತಾಗುವುದಿಲ್ಲ. ಮೊನ್ನೆ ಬ್ರಹ್ಮಾವರದಿಂದ ಬಸ್ಸಿನಲ್ಲಿ ಬಂದು ಇಳಿದು ಮನೆ ತನಕ ನಡೆದೆ. ಅಂಗಳದಲ್ಲಿ ಪುಷ್ಪ ಕಾಲು ನೋಡಿ ಕೇಳಿದಳು, "ಹ್ವಾಯ್, ಇನ್ನೊಂದ್ ಚಪ್ಲಿ ಎಲ್ಲಿತ್ತ್?" ಬಸ್ಸಿನಲ್ಲೇ ಉಳಿದಿತ್ತು. ಮಳೆಗೆ ನೆಂದ ಜಲ್ಲಿಯ ದಾರಿ ಪೂರ್ತಿ ಬರಿಗಾಲಿನಲ್ಲಿ ಬಂದಿದ್ದೆ. ಅವಳ ಅಣ್ಣಂದಿರು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಎಲ್ಲರೂ ನಗುವಾಗ ನಗಬೇಕಲ್ಲ.

ಆಸ್ಪತ್ರೆಯಿಂದ ಬಿಡುವ ದಿನ ಪುಷ್ಪ ಅತ್ತಳು, ನರ್ಸುಗಳೂ ಕಣ್ಣೊರೆಸಿಕೊಂಡರು. ನಾನು ಮೇಲೆ ತಿರುಗುವ ಫ್ಯಾನು ನೋಡುತ್ತಾ ಇದ್ದೆ. ಅದೇಕೋ ಈಗ ನೆನಪಾಯಿತು.

ನಿನ್ನ ಖಾನಾವಳಿ ಹೇಗೆ ನಡೆಯುತ್ತಿದೆ? ಮಳೆ ಬಿಟ್ಟ ಮೇಲೆ ತ್ರಾಸಿಗೆ ಹೋಗುತ್ತೇವೆ. ಬರುತ್ತೇನೆ ಅಕ್ಕ.

ಇತಿ ನಿನ್ನ ತಮ್ಮ,
ಶೀನ


ಭಾಂಡುಪ್, ಮುಂಬಯಿ
೨ ಜುಲೈ ೨೦೧೭

ಶೀನ,

ನಿನ್ನ ಮಾತು ಅಕ್ಷರದಲ್ಲಿ ಸಿಕ್ಕಿತು. ಸಣ್ಣವನಿದ್ದಾಗಲೂ ಹೀಗೇ, ಒಂದು ಕೇಳಿದರೆ ಹತ್ತು ಹೇಳುತ್ತಿದ್ದೆ. ಆಗ ಕಿವಿ ಇತ್ತು, ಬೈದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಓದಿ ಮುಗಿಸಲೇಬೇಕು.

ಕೊನೆಗೆ "ಬರುತ್ತೇನೆ" ಅಂದಿದ್ದೀಯ. ನೀನು ಕುಂದಾಪ್ರದ ಮಾತಿನಲ್ಲಿ "ಬತ್ತೆ" ಅಂದಿದ್ದಿರಬೇಕು, ಈ ಹುಡುಗಿ ಅದನ್ನು ಪುಸ್ತಕಕ್ಕೆ ಏರಿಸಿದ್ದಾಳೆ. ನಮ್ಮಲ್ಲಿ ಎದ್ದು ಹೋಗುವವರೂ "ಬತ್ತೆ" ಅಂತಲೇ ಹೇಳುವುದು ಅಂತ ಅವಳಿಗೇನು ಗೊತ್ತು? ಮಾಮ ಬರುತ್ತಾನೆ ಅಂತ ಅಟ್ಟದ ಮೇಲಿದ್ದ ಪಾತ್ರೆ, ಹಳೇ ಗ್ರೈಂಡರು, ನಿನ್ನ ಭಾವನ ಟ್ರಂಕು, ಎಲ್ಲ ಕೆಳಗಿಳಿಸಿ ಜಾಗ ಗುಡಿಸಿಟ್ಟಿದ್ದಾಳೆ. ಇಡೀ ಖೋಲಿಯಲ್ಲಿ ಈಗ ಪಾತ್ರೆ ದಾಟಿಕೊಂಡು ತಿರುಗಾಡಬೇಕು.

ನಾನು ವಾಪಸ್ ಇಡಲು ಹೇಳಲಿಲ್ಲ. ಖಾಲಿಯಾದ ಜಾಗ ನೋಡಿದ ಮೇಲೆ ಅನ್ನಿಸಿತು, ಹೌದಲ್ಲ, ಬರಬಾರದೇಕೆ? ನೀನೂ ಪುಷ್ಪನೂ ಬನ್ನಿ. ಅವಳ ಕೈಯ ಮೀನು ಸಾರಿಗೆ ಇಲ್ಲಿ ಸಾಲು ನಿಲ್ಲುತ್ತಾರೆ. ನೀನು ದುಡ್ಡಿನ ಗಲ್ಲೆಯ ಹತ್ತಿರ ಕೂತುಕೋ. ಅಲ್ಲಿ ಕೂರಲು ಕಾಲು ಬೇಕಿಲ್ಲ, ಬಾಯಿ ಸಾಕು, ಅದು ನಿನಗೆ ಧಾರಾಳ ಉಂಟು. ಬಲೆ ಎಳೆಯುವ ಕೆಲಸ ಮುಗಿಯಿತು ಅಂತ ತಿಳಿ. ಅಪ್ಪ ನಿನ್ನ ಪ್ರಾಯದಲ್ಲಿ ದಡದ ಮೇಲೆ ಕೂತಾಗಿತ್ತು.

ಬಸ್ಸಿನವನನ್ನು ಕೇಳಿ ಚಪ್ಪಲಿ ತರಿಸಿಕೊಂಡೆಯಾ?

ಅಕ್ಕ,
ವನಜ


ತ್ರಾಸಿ
೧೦ ಸೆಪ್ಟೆಂಬರ್ ೨೦೧೭

ಅಕ್ಕ,

ನಿನ್ನ ಕಾಗದಕ್ಕೆ ಉತ್ತರ ಹೇಳಲು ಎಷ್ಟೋ ಸಲ ಫೋನು ಹಿಡಿದೆ, ಮಾತು ಬರಲಿಲ್ಲ. ನಂಬುವುದಿಲ್ಲ ನೀನು.

ತ್ರಾಸಿಗೆ ಬಂದೆವು. ನಮ್ಮ ಬಲೆಯ ಮುಖಂಡ ಸುಬ್ಬ ದೋಣಿಗೆ ಎಣ್ಣೆ ಹಚ್ಚಿ ಕೈರಂಪಣಿ ಶುರು ಮಾಡಿದ್ದಾನೆ. ಮಗೂ, ನಿನಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ದೋಣಿಯವರು ಬಲೆಯನ್ನು ಸಮುದ್ರದಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತಾರೆ, ಅದರ ಎರಡೂ ಹಗ್ಗ ದಡದಲ್ಲಿ, ಊರವರೆಲ್ಲ ಸೇರಿ ಎಳೆಯುವುದು. ನನ್ನ ಕೆಲಸ ಅದಕ್ಕಿಂತ ಮುಂಚಿನದು. ಎದೆಮಟ್ಟದ ನೀರಿನಲ್ಲಿ ನಿಂತು, ಮೀನು ದಡಕ್ಕೆ ಬಂದಿದೆಯೋ ಇಲ್ಲವೋ ಅಂತ ಕಾಲಿನಲ್ಲಿ ತಿಳಿಯುವುದು. ಬೈಗೆ ಮೀನಿನ ಹಿಂಡು ಕಾಲಿಗೆ ತಾಗಿದರೆ ಮದುವೆಯಲ್ಲಿ ಅಕ್ಷತೆ ಬಿದ್ದ ಹಾಗೆ. ತಾಗಿದ ಕೂಡಲೇ ಐದೂ ಬೆರಳು ಬಿಡಿಸಿ ಕೈ ಎತ್ತಬೇಕು, ಸುಬ್ಬ ಬಲೆ ಬಿಡುತ್ತಾನೆ. ಇಲ್ಲ ಅಂದರೆ ಮುಷ್ಟಿ. ಅಪ್ಪ ನಿಲ್ಲುತ್ತಿದ್ದ ಜಾಗ ಅದು, ಅಪ್ಪನ ನಂತರ ನನ್ನದು. ಈಗ ಅಲ್ಲಿ ಯಾರೂ ನಿಲ್ಲುವುದಿಲ್ಲ. ಸುಬ್ಬ ನೀರಿನ ಬಣ್ಣ ನೋಡಿ ಅಂದಾಜಿನಲ್ಲಿ ಬಿಡುತ್ತಾನೆ, ಎಷ್ಟೋ ಸಲ ಬರೀ ಕಸ.

ಮೊದಲ ದಿನವೇ ಹೋಗಿದ್ದೆ. ಬಲೆ ಬಂತು, ದಡದ ಹೊಯಿಗೆಯ ಮೇಲೆ ಪಾಲು ಹಾಕಿದರು, ಒಬ್ಬೊಬ್ಬರದ್ದು ಒಂದೊಂದು ಗುಡ್ಡೆ. ನಿನಗೆ ನೆನಪಿರಬೇಕು, ಕಾಯಿಲೆಯವರದ್ದು, ಬಾಣಂತಿ ಮನೆಯವರದ್ದು, ಬರಲಾಗದವರ ಪಾಲಿನ ಮೇಲೆ ದಡದ ಬಳ್ಳಿಯ ಒಂದು ಎಲೆ ಇಡುತ್ತಾರೆ. ಇದರ ಯಜಮಾನ ಇಲ್ಲಿಲ್ಲ, ಯಾರಾದರೂ ಮನೆಗೆ ಮುಟ್ಟಿಸಿ ಅಂತ ಅರ್ಥ. ನನ್ನ ಪಾಲಿನ ಮೇಲೆ ಎಲೆ ಇತ್ತು. ನಾನು ಎದುರಿಗೇ ನಿಂತಿದ್ದೇನೆ ಅಕ್ಕ, ಆದರೂ ಎಲೆ. "ಸುಬ್ಬ, ನಾನ್ ಇಲ್ಲೇ ಇದ್ನಲೆ ಮಾರಾಯ" ಅಂದೆ. "ನಿನ್ ಮನಿಗೆ ಕೊಟ್ಟ್ ಕಳ್ಸ್ತೆ, ನೀನ್ ಹೊತ್ಕಬೇಡ. ನೆರಳಗೆ ಕೂಕೋ" ಅಂದ. ಕೆಟ್ಟ ಮಾತಲ್ಲ, ಪ್ರೀತಿಯಿಂದಲೇ ಹೇಳಿದ್ದು. ಅಂದಿನಿಂದ ದಿನಾ ಎಲೆ. ಪುಷ್ಪ ಸಾರು ಮಾಡುತ್ತಾಳೆ, ನಾನು ಉಣ್ಣುತ್ತೇನೆ. ರುಚಿ ಕೇಳಿದರೆ ಒಳ್ಳೆಯದಿದೆ ಅನ್ನುತ್ತೇನೆ.

ಇನ್ನೊಂದು ವಿಷಯ. ನವೆಂಬರಿನಲ್ಲಿ ನಮ್ಮ ದಡದಲ್ಲಿ ಒಂದು ಸ್ಪರ್ಧೆ ಉಂಟಂತೆ, ಟ್ರಯಥ್ಲಾನ್. ಸಮುದ್ರದಲ್ಲಿ ಈಜಬೇಕು, ಆಮೇಲೆ ಸೈಕಲ್ಲು, ಆಮೇಲೆ ಓಟ. ಡಾಮರು ರಸ್ತೆಯಲ್ಲಿ ಅಲ್ಲ, ಗುಲ್ವಾಡಿ ಕಡೆಯ ಕೆಂಪುಮಣ್ಣಿನ ದಾರಿಯಲ್ಲಿ ತುಳಿಯುವುದು, ಹೊಯಿಗೆಯಲ್ಲಿ ಓಡುವುದು. ಕುಂದಾಪುರದಲ್ಲಿ ನನ್ನ ಕಾಲಿಗೆ ವ್ಯಾಯಾಮ ಮಾಡಿಸುವ ನವ್ಯಶ್ರೀ ಅದರಲ್ಲಿ ಪ್ರಥಮ ಚಿಕಿತ್ಸೆಗೆ ಇರುತ್ತಾಳೆ. "ಶೀನಣ್ಣ, ಸಣ್ಣ ದೂರದ್ದೂ ಒಂದ್ ಇತ್ತ್. ನೀವ್ ಸೇರ್ಕಣಿ. ಗೆಲ್ಲುಕಲ್ಲ, ಮುಗ್ಸುಕೆ" ಅಂದಳು. ಡಾಕ್ಟರರನ್ನೂ ಅವಳೇ ಒಪ್ಪಿಸಿದಳು.

ಅಕ್ಕ, ಹೀಗೆ ಮಾಡೋಣ. ನಾನದನ್ನು ಮುಗಿಸಿದರೆ ಇಲ್ಲೇ, ಸುಬ್ಬನ ಹತ್ತಿರ ನನ್ನ ಜಾಗ ಕೇಳುತ್ತೇನೆ. ಮುಗಿಸಲು ಆಗದಿದ್ದರೆ ನಿನ್ನ ಗಲ್ಲೆಯ ಹತ್ತಿರ ಬಂದು ಕೂರುತ್ತೇನೆ. ಅಟ್ಟ ಅಲ್ಲಿಯವರೆಗೆ ಖಾಲಿ ಇರಲಿ.

ಇತಿ,
ಶೀನ


ಭಾಂಡುಪ್
೨೪ ಸೆಪ್ಟೆಂಬರ್ ೨೦೧೭

ಶೀನ,

ತಲೆಯ ನರವೂ ಮಲಗಿದೆಯಾ ನಿನ್ನದು? ಐವತ್ತು ವರ್ಷದ ಗಂಡಸು, ಚಪ್ಪಲಿ ಕಳಚಿದ್ದು ಗೊತ್ತಾಗದವನು ಸಮುದ್ರಕ್ಕೆ ಇಳಿಯುತ್ತಾನಂತೆ. ಆ ವ್ಯಾಯಾಮದ ಹೆಣ್ಣಿನ ಫೋನ್ ನಂಬರು ಕಳಿಸು. ಕಿವಿ ಕೇಳದಿದ್ದರೂ ಪರವಾಗಿಲ್ಲ, ನಾನು ಹೇಳುವುದನ್ನು ಅವಳು ಕೇಳಲಿ.

ಮಾತು ಕೊಟ್ಟಿದ್ದೀಯ, ಒಪ್ಪಿದೆ. ಮುಗಿಸದಿದ್ದರೆ ಬರಬೇಕು. ಆಮೇಲೆ ಗಾಳಿ, ತೆರೆ, ಸುಬ್ಬ ಅಂತ ನೆವ ಹೇಳಕೂಡದು. ಅಟ್ಟಕ್ಕೆ ಹೊಸ ಚಾಪೆ ತಂದಿಟ್ಟಿದ್ದೇನೆ.

ಎಲೆಯ ವಿಷಯ ಓದಿದೆ. ಅಪ್ಪನ ಕೊನೆಯ ವರ್ಷ ನಮ್ಮ ಮನೆಗೂ ಎಲೆ ಮುಚ್ಚಿದ ಪಾಲು ಬರುತ್ತಿತ್ತು. ಅಮ್ಮ ಆ ಎಲೆಯನ್ನು ಅಪ್ಪ ನೋಡುವ ಮೊದಲು ಒಲೆಗೆ ಹಾಕುತ್ತಿದ್ದಳು. ನೀನು ಆಗ ಗಂಗೊಳ್ಳಿಯಲ್ಲಿ ದೊಡ್ಡ ಬೋಟಿಗೆ ಹೋಗುತ್ತಿದ್ದೆ, ನಿನಗೆ ಗೊತ್ತಿಲ್ಲ.

ವನಜ


ತ್ರಾಸಿ
೨೯ ಅಕ್ಟೋಬರ್ ೨೦೧೭

ಅಕ್ಕ,

ಅಮ್ಮ ಎಲೆ ಒಲೆಗೆ ಹಾಕುತ್ತಿದ್ದದ್ದು ಗೊತ್ತಿರಲಿಲ್ಲ. ಪುಷ್ಪನಿಗೆ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಆಮೇಲೆ ನೋಡಿದರೆ ನಮ್ಮ ಮನೆಯ ಬುಟ್ಟಿಯಲ್ಲೂ ಎಲೆ ಕಾಣಿಸುವುದಿಲ್ಲ.

ಅಭ್ಯಾಸ ನಡೆಯುತ್ತಾ ಇದೆ. ಸೈಕಲ್ಲು ನನ್ನ ಹಳೆಯದೇ. ಪೆಡಲಿನ ಮೇಲೆ ಕಾಲು ಇದೆಯೋ ಅಂತ ಬಗ್ಗಿ ನೋಡಿ ನೋಡಿ ತುಳಿಯುತ್ತೇನೆ. ಹಾಗೆ ನೋಡುತ್ತಾ ಒಂದು ಸಲ ಮರದ ಬುಡಕ್ಕೆ ಹೋಗಿ ಗುದ್ದಿದೆ. ನವ್ಯಶ್ರೀ ಪಾದವನ್ನು ಪೆಡಲಿಗೆ ಹಗ್ಗದಲ್ಲಿ ಕಟ್ಟುವ ಒಂದು ಉಪಾಯ ಮಾಡಿಕೊಟ್ಟಳು. ಓಟ ಅಂದರೆ ಓಟ ಅಲ್ಲ, ಬೇಗ ಬೇಗ ನಡೆಯುವುದು. ಹೊಯಿಗೆಯಲ್ಲಿ ಎಲ್ಲರ ಕಾಲೂ ಹೂಳುತ್ತದೆ, ಅಲ್ಲಿ ನಾನೂ ಅವರೂ ಒಂದೇ. ಹಿಂತಿರುಗಿ ನನ್ನ ಹೆಜ್ಜೆ ನೋಡಿದರೆ ಮಾತ್ರ ಬಲಗಾಲು ಎಳೆದ ಗೆರೆ ಕಾಣುತ್ತದೆ.

ಈಜು ಹೇಳಿಸಿಕೊಳ್ಳಬೇಕಾಗಿಲ್ಲ. ನೀರಿನಲ್ಲಿ ಕಾಲು ಇಲ್ಲದಿದ್ದರೂ ನಡೆಯುತ್ತದೆ.

ನೀನು ನಗುವ ವಿಷಯ ಒಂದಿದೆ. ಸ್ಪರ್ಧೆಯವರು ಕಾವಲು ದೋಣಿಗೆ ಸುಬ್ಬನನ್ನೇ ಹಿಡಿದಿದ್ದಾರೆ. ಅವನಿಗೂ ಅವನ ಜನಕ್ಕೂ ಕಿತ್ತಳೆ ಬಣ್ಣದ ಬನಿಯನು, ಕುತ್ತಿಗೆಗೆ ಸೀಟಿ. ಪಾಠವನ್ನೂ ಮಾಡಿದ್ದಾರೆ. ಬಂದು ನನಗೆ ವರದಿ ಒಪ್ಪಿಸಿದ: "ಕೈ ಎತ್ತಿದವ್ನನ್ನ ಹಿಡ್ಕಂಡ್ ಎಳ್ಕಂಡ್ ಬಪ್ದ್ ಅಂಬ್ರ್. ದೋಣಿ ಹತ್ತಿದ್ ಕೂಡ್ಲೆ ಅವ್ನ ಆಟ ಮುಗೀತ್ ಅಂಬ್ರ್. ಶೀನ, ನೀನ್ ಕೈ ಎತ್ತ್, ನಿನ್ನ ಸುರೂವಿಗೆ ಎಳ್ಕಂಬೆ." "ಎತ್ತುದಿಲ್ಲೆ, ನೀ ಕಾಯ್ತಾ ಕೂಕೋ" ಅಂದೆ.

ನನ್ನನ್ನು ನೀರಿಗೆ ಬಿಡಲು ಅವನಿಗೆ ಮನಸ್ಸಿಲ್ಲ. ಹೇಳುವುದಿಲ್ಲ. ಸೀಟಿ ಊದಿ ನೋಡುತ್ತಾನೆ, ಅಷ್ಟೇ.

ಬರುತ್ತೇನೆ. ಮಗೂ, ಇದು ಫೋನು ಇಡುವ "ಬತ್ತೆ". ಚಾಪೆ ಹಾಸಬೇಡ.

ಶೀನ


ತ್ರಾಸಿ
೨೫ ನವೆಂಬರ್ ೨೦೧೭

ಅಕ್ಕ,

ನಾಳೆ ಬೆಳಿಗ್ಗೆ. ಹೆದರಿಕೆ ಉಂಟಾ ಅಂತ ಪುಷ್ಪ ಕೇಳಿದಳು. ಹುಡುಕಿದೆ, ಸಿಗಲಿಲ್ಲ. ಸಂತೋಷವೂ ಸಿಗಲಿಲ್ಲ. ಅವಳು ಬಿಸಿನೀರು ಹಾಕಿ ನನ್ನ ಕಾಲು ತೊಳೆದಳು. ನೀರು ಹೆಚ್ಚು ಬಿಸಿಯಾಯಿತು ಅಂತ ಅವಳ ಕೈ ಕೆಂಪಾದದ್ದು ಕಂಡ ಮೇಲೆ ನನಗೆ ಗೊತ್ತಾದದ್ದು.

ಮುಗಿಸುತ್ತೇನೆ ಅನ್ನಿಸುತ್ತದೆ.

ಶೀನ


ಭಾಂಡುಪ್
೨೬ ನವೆಂಬರ್ ೨೦೧೭

ಅಮ್ಮ,

ಮಾಮ ಸಂಜೆ ಒಂದು ಕಳಿಸಿದ್ದಾನೆ. ಎಷ್ಟು ಸಲ ಕೇಳಿದರೂ ಅದರಲ್ಲಿ ಮಾತಿಲ್ಲ. ತೆರೆಯ ಶಬ್ದ ಉಂಟು, ದೂರದಲ್ಲಿ ಯಾರೋ ನಗುತ್ತಾರೆ. ಕೊನೆಗೆ ಮಾಮ ಉಸಿರು ಎಳೆದುಕೊಳ್ಳುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ಬರೆಯಲು ಇಷ್ಟೇ ಇರುವುದು. ಫೋನು ಮಾಡಿದೆ, ಪುಷ್ಪತ್ತೆ ಎತ್ತಿ "ಹುಷಾರಿದ್ರ್, ಮಲ್ಕಂಡಿದ್ರ್" ಅಂದಳು.

ಮೋಕ್ಷಿತಾ


ಭಾಂಡುಪ್
೧೦ ಡಿಸೆಂಬರ್ ೨೦೧೭

ಶೀನ,

ಮುಗಿಸಿದೆಯೋ ಇಲ್ಲವೋ? ಒಂದು ಮಾತು ಸಾಕು. ಮುಗಿಸಿಲ್ಲ ಅಂದರೂ ಬೈಯುವುದಿಲ್ಲ. ದಾದರಿನಲ್ಲಿ ಇಳಿಯಬೇಡ, ಠಾಣೆಯಲ್ಲಿ ಇಳಿ, ಹತ್ತಿರ. ಮೋಕ್ಷಿತಾ ಕರೆದುಕೊಂಡು ಬರುತ್ತಾಳೆ.

ಮಾತಾಡದ ಶೀನನನ್ನು ನಾನು ಕಂಡೇ ಇಲ್ಲ. ಏನಾಗಿದೆ ನಿನಗೆ?

ಅಕ್ಕ


ತ್ರಾಸಿ
೧೭ ಡಿಸೆಂಬರ್ ೨೦೧೭

ಅಕ್ಕ,

ಮುಗಿಸಲಿಲ್ಲ. ಸೈಕಲ್ಲಿನ ತನಕ ಸಹ ಮುಟ್ಟಲಿಲ್ಲ.

ಅಂದು ನೀರು ತಣ್ಣಗೆ ಮಲಗಿತ್ತು. ಸಣ್ಣ ದೂರದವರಲ್ಲಿ ನಾನು ಎಲ್ಲರಿಗಿಂತ ಹಿಂದೆ. ಬಾವುಟ ಸುತ್ತಿ ವಾಪಸ್ ಬರುವಾಗ ಒಳಗೆ ಹೊಯಿಗೆಯ ದಿಬ್ಬ ಸಿಗುತ್ತದಲ್ಲ, ಅಪ್ಪ ನಿಲ್ಲುತ್ತಿದ್ದದ್ದೂ ಅದೇ ಸಾಲಿನಲ್ಲಿ, ಅಲ್ಲಿ ಉಸಿರು ತೆಗೆದುಕೊಳ್ಳಲು ನಿಂತೆ. ನೀರು ಎದೆಗೆ ಇತ್ತು. ನಿಂತಾಗ ಎಡಗಾಲಿನ ಮೀನಖಂಡದ ಮೇಲೆ ಅಕ್ಷತೆ ಬಿತ್ತು.

ಮೊದಲು ಒಂದು. ಆಮೇಲೆ ನಾಲ್ಕೈದು. ಆಮೇಲೆ ಮುಷ್ಟಿ ತುಂಬ ಎರಚಿದ ಹಾಗೆ.

ತಲೆ ಏನೂ ಹೇಳಲಿಲ್ಲ ಅಕ್ಕ. ಕೈ ತಾನಾಗಿಯೇ ಎದ್ದಿತು, ಐದೂ ಬೆರಳು ಬಿಡಿಸಿ. ಎತ್ತಿದವನಿಗೆ ನಾನು ಸ್ಪರ್ಧೆಯಲ್ಲಿದ್ದೇನೆ ಅಂತಲೇ ನೆನಪಿರಲಿಲ್ಲ. ಸೀಟಿ ಊದಿದರು. ಸುಬ್ಬನ ದೋಣಿ ಬಂದೇ ಬಿಟ್ಟಿತು.

"ಎಂತ ಆಯ್ತಾ? ಕಾಲ್ ಹಿಡಿತಾ?"

"ಬೈಗಿ ಸುಬ್ಬ! ಬೈಗಿ ಇತ್ತ್, ಬಲೆ ಬಿಡ್!"

"ಸಾಯು ಹೊತ್ತಗೂ ನಿಂಗೆ ಬೈಗಿಯಾ? ಹತ್ತ್ ಮೇಲೆ!"

ಚಡ್ಡಿಯ ಸೊಂಟಕ್ಕೆ ಕೈ ಹಾಕಿ ಎಳೆದು ದೋಣಿಯೊಳಗೆ ಹಾಕಿದ, ಬುಟ್ಟಿಯಿಂದ ಬಂಗುಡೆ ಸುರಿದ ಹಾಗೆ. ಸ್ಪರ್ಧೆಯ ಕಡೆಯವನೊಬ್ಬ ದೋಣಿಯಲ್ಲಿದ್ದ, ನನ್ನ ಕಾಲಿಗೆ ಕಟ್ಟಿದ್ದ ಸ್ಪರ್ಧೆಯ ನಂಬರಿನ ಪಟ್ಟಿ ಬಿಚ್ಚಿಕೊಂಡ. ಮುಗಿಯಿತು. ಸಣ್ಣಂದಿನಿಂದ ಒಂದೇ ಬಲೆ ಎಳೆದವನು ನನ್ನ ಬೆರಳು ನೋಡಲಿಲ್ಲ, ಕೈ ಮಾತ್ರ ನೋಡಿದ. ಬೇಸರವಾಯಿತಾ ಅಂತ ಕೇಳಿದರೆ, ಆಗಬೇಕಿತ್ತು. ಆಗ ನಾನು ದೋಣಿಯ ತಳದಲ್ಲಿ ಬಿದ್ದುಕೊಂಡು ಎಡಗಾಲನ್ನು ನೋಡುತ್ತಾ ಇದ್ದೆ.

ದಡದಲ್ಲಿ ನವ್ಯಶ್ರೀ ಕಂಬಳಿ ಹೊದಿಸಿದಳು. ಪುಷ್ಪ ನನ್ನ ಹತ್ತಿರ ಬರಲಿಲ್ಲ. ಸೀರೆ ಎತ್ತಿ ಕಟ್ಟಿ ನೇರ ದೋಣಿಯ ಹತ್ತಿರ ಹೋದಳು.

"ಸುಬ್ಬಣ್ಣ, ನಿಮ್ ಕಣ್ಣಿಗೆ ಎಂತ ಆಯ್ತ್? ಐದ್ ಬೆರಳ್ ಬಿಡ್ಸಿದ್ ನಂಗೆ ಇಲ್ಲಿಂದ ಕಾಣತ್ತ್. ಮುಳ್ಗುವವ್ರ್ ಬೆರಳ್ ಬಿಡ್ಸ್ತ್ರಾ?"

ಸುಬ್ಬ ತಿರುಗಿದ. ನನ್ನನ್ನು ನೋಡಿದ, ನೀರನ್ನು ನೋಡಿದ. ದೊಡ್ಡ ದೂರದ ಕೊನೆಯ ಈಜುಗಾರ ದಡ ಹತ್ತುವ ತನಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಆಮೇಲೆ ಕುತ್ತಿಗೆಯ ಸೀಟಿ ತೆಗೆದು ಸ್ಪರ್ಧೆಯವನ ಕೈಗೆ ಕೊಟ್ಟು ಕೂಗಿದ, "ಹ್ವಾಯ್! ಬಲೆ ಹತ್ಸಿ!"

ನೀನು ಇರಬೇಕಿತ್ತು ಅಕ್ಕ. ಕಿತ್ತಳೆ ಬನಿಯನು ಹಾಕಿದವರೆಲ್ಲ ಬಲೆ ಬಿಟ್ಟು ಬಂದು ಹಗ್ಗ ಹಿಡಿದರು. ಅಷ್ಟರಲ್ಲಿ ಸೈಕಲ್ಲು ಮುಗಿಸಿ ಬಂದವರು ಹೊಯಿಗೆಯಲ್ಲಿ ಓಡಬೇಕು, ಓಡುವ ದಾರಿಗೆ ಅಡ್ಡ ನಮ್ಮ ಹಗ್ಗ. "ತೆಗೀರಿ, ತೆಗೀರಿ" ಅಂತ ಸ್ಪರ್ಧೆಯವರು ಬೊಬ್ಬೆ. "ಹಾರಿ ಹೋಯ್ನಿ ಮಾರಾಯ್ರೆ, ಹಾರುಕೆ ಬತ್ತಿಲ್ಯಾ?" ಅಂತ ಸುಬ್ಬ. ಹಾರಿಕೊಂಡೇ ಹೋದರು. ಒಬ್ಬ ಮಾತ್ರ ಓಟ ಬಿಟ್ಟು ನಮ್ಮ ಜತೆ ಎಳೆಯಲು ನಿಂತ. ನಾನು ಕಂಬಳಿ ಬಿಸಾಡಿ ಹಗ್ಗದ ಕೊನೆ ಹಿಡಿದೆ. ಬೇಡ ಅಂತ ಯಾರೂ ಹೇಳಲಿಲ್ಲ.

ಬೈಗೆ ಬಂತು. ಊರು ಹೇಳಿಕೊಳ್ಳುವಷ್ಟು ಅಲ್ಲ, ಆದರೆ ಬರೀ ಬೈಗೆ, ಕಸ ಇಲ್ಲ.

ಪಾಲು ಹಾಕಿದರು. ಸುಬ್ಬ ರೂಢಿಯ ಹಾಗೆ ಬಳ್ಳಿಯಿಂದ ಒಂದು ಎಲೆ ಕಿತ್ತುಕೊಂಡು ನನ್ನ ಗುಡ್ಡೆಯ ತನಕ ಬಂದ. ಬಗ್ಗಿದ. ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ಆ ಎಲೆಯಲ್ಲಿ ತನ್ನ ಕೈಯ ಮೀನಿನ ಹುರುಪೆ ಒರೆಸಿಕೊಂಡು ಆಚೆ ಎಸೆದ.

"ನಿಂದ್ ನೀನೇ ಹೊರ್ಕ್ ಇನ್ ಮೇಲೆ" ಅಂದ. "ನಂಗೆ ಬೇರೆ ಕೆಲ್ಸ ಇಲ್ಲ್ಯಾ?"

ಹೊತ್ತುಕೊಂಡು ಬಂದೆ. ಸಂಜೆ ದಡಕ್ಕೆ ಹೋಗಿ ನಿನಗೆ ಇದೆಲ್ಲ ಹೇಳಲು ಫೋನು ಹಿಡಿದೆ. ಆಗ ಕಾಲು ನೀರಿನಲ್ಲಿತ್ತು. ತೆರೆ ಬಂದು ತಾಗುವುದನ್ನು ಕಾಯುತ್ತಾ ಇದ್ದೆ, ಕಣ್ಣಿಗೆ ಕಾಣುತ್ತಿತ್ತು, ತಾಗಲಿಲ್ಲ. ಏನು ಹೇಳುವುದು ನಿನಗೆ?

ಅಂದಿನಿಂದ ಇಂದಿನವರೆಗೆ ಮತ್ತೆ ತಾಗಿಲ್ಲ. ನರ ಹೀಗೇ ಒಮ್ಮೆ ಎದ್ದು ಮತ್ತೆ ಮಲಗುತ್ತದೆ, ಒಂದು ದಿನ ಪೂರ್ತಿ ಏಳಬಹುದು, ಏಳದೆಯೂ ಇರಬಹುದು ಅಂತ ನವ್ಯಶ್ರೀ ಹೇಳುತ್ತಾಳೆ. ದಿನಾ ಬೆಳಿಗ್ಗೆ ಎದೆಮಟ್ಟದ ನೀರಿನಲ್ಲಿ ನಿಲ್ಲುತ್ತೇನೆ. ದಿನಾ ಮುಷ್ಟಿ ಎತ್ತುತ್ತೇನೆ. ಮೀನು ಇಲ್ಲದ್ದೋ, ಕಾಲು ಇಲ್ಲದ್ದೋ ನನಗೆ ಗೊತ್ತಾಗುವುದಿಲ್ಲ. ಸುಬ್ಬನಿಗೂ ಹೇಳಿದೆ. "ಗೊತ್ತಿತ್ತ್. ನೀನ್ ನಿಲ್ಲ್" ಅಂದ. ಅವನು ಮೊದಲಿನ ಹಾಗೆ ನೀರಿನ ಬಣ್ಣ ನೋಡಿ ಬಲೆ ಬಿಡುತ್ತಾನೆ. ಆದರೆ ಬಿಡುವ ಮೊದಲು ಒಂದು ಸಲ ನನ್ನ ಕೈ ನೋಡುತ್ತಾನೆ. ಬೆರಳನ್ನು ನೋಡುತ್ತಾನೆ.

ಮಾತಿನ ಪ್ರಕಾರ ನಾನು ಬರಬೇಕು. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಮೋಕ್ಷಿತಾ ಒಂದನ್ನೂ ಬಿಡದೆ ಬರೆದು ಕಳಿಸಲಿ. ಹೊಸ ಚಾಪೆ ಮಡಚಿಡು. ಪಾತ್ರೆ, ಗ್ರೈಂಡರು, ಭಾವನ ಟ್ರಂಕು, ಎಲ್ಲ ಅಟ್ಟಕ್ಕೆ ಹತ್ತಿಸಿಬಿಡು ಅಕ್ಕ, ನೀನು ಎಷ್ಟು ದಿನ ದಾಟಿಕೊಂಡು ತಿರುಗಾಡುತ್ತೀ.

ಮಗೂ, ಕೊನೆಯ ಮಾತನ್ನು ಮಾತ್ರ ನಾನು ಹೇಳಿದ ಹಾಗೇ ಬರಿ.

ಬತ್ತೆ.

ಶೀನ